ಹಾಲಮ್ಮಜ್ಜಿ ‘ಬ್ಯಾಡ’ ಅಂದರು

“ಹಂಗಾರೆ ಇಷ್ಟು ವರ್ಷ ನಂಗೆ ಚುಚ್ಚಿದ್ದೇನು?”

ಕೇಳಿದ್ದು ಹಾಲಮ್ಮಜ್ಜಿ. ಕೇಳಿದ್ದು ನನ್ನನ್ನು. ಕೇಳಿದ್ದು ಆನವಟ್ಟಿಯಿಂದ ಶಿಕಾರಿಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ, ನಿಂತವರ ಮೇಲೆ ನಿಂತವರು ಇರುವಾಗ. ಅಜ್ಜಿಯ ಗಂಟಲು ಗೊತ್ತಲ್ಲ? (ನಿಮಗೆ ಗೊತ್ತಿಲ್ಲ, ಇರಲಿ.) ಜೀವಮಾನವೆಲ್ಲ ಗದ್ದೆಯ ಈ ಬದುವಿನಿಂದ ಆ ಬದುವಿಗೆ ಮಾತಾಡಿ ಬೆಳೆದ ಗಂಟಲು ಅದು. ಡ್ರೈವರ್ ಕೂಡ ಕನ್ನಡಿಯಲ್ಲಿ ನನ್ನನ್ನು ನೋಡಿದ.

ನಡೆದದ್ದು ಇಷ್ಟೆ. ನಾನು ತಿಳಿನೀಲಿ ಯೂನಿಫಾರ್ಮ್ ಹಾಕಿಕೊಂಡು, ಬೆನ್ನಿಗೆ ಬ್ಯಾಗ್ ನೇತುಹಾಕಿಕೊಂಡು, ಕಂಬಿ ಹಿಡಿದು ನಿಂತಿದ್ದೆ. ಸೀಟಿನಲ್ಲಿ ಅಜ್ಜಿ, ಪಕ್ಕದಲ್ಲಿ ಅವರ ಸೊಸೆ ಶಶಿಕಲಾ. ಶಶಿಕಲಾ ಶಿರಾಳಕೊಪ್ಪಕ್ಕೆ ಸೋಫಾ ನೋಡಲು ಹೊರಟಿದ್ದಳು. ಮೊಬೈಲಿನಲ್ಲಿ ಅದರ ಫೋಟೋನೂ ತೋರಿಸಿದಳು. ಮರೂನ್ ಬಣ್ಣ, ಇಂಗ್ಲಿಷ್ ಎಲ್ ಅಕ್ಷರದ ಆಕಾರ. “ಮುಂದಿನ ಹಾಲ್‌ನಾಗೆ ಜಾಗ ಸಾಲಲ್ಲ ಸಿಸ್ಟರ್. ಅತ್ತೆ ಮಂಚ ಹಿಂದಿನ ರೂಮಿಗೆ ಹಾಕಿದ್ರೆ ಸರಿ ಕೂರ್ತದೆ” ಅಂದಳು. ಅಜ್ಜಿ ಕಿಟಕಿ ಕಡೆ ನೋಡುತ್ತಿದ್ದರು. ಆಮೇಲೆ ತಿರುಗಿ ನನ್ನನ್ನು ಕೇಳಿದರು.

“ಡ್ಯೂಟಿಗೆ ಹೊಂಟೀಯೇನವ್ವಾ?”

“ಇಲ್ಲ ಅಜ್ಜಿ, ಕಾಲೇಜಿಗೆ.”

“ಏನು ಕಲಿಯಾಕೆ?”

“ನರ್ಸಿಂಗ್.”

ಅಷ್ಟೆ. ಅಜ್ಜಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಎಡಗೈಯಿಂದ ತಮ್ಮ ಬಲತೋಳನ್ನು ಒಮ್ಮೆ ಸವರಿಕೊಂಡರು. ಆಮೇಲೆ ಆ ಪ್ರಶ್ನೆ.

ನಾನು ಹೇಳಬೇಕಾದ ಉತ್ತರ ಉದ್ದ ಇತ್ತು. ಬಸ್ಸಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ಶಿರಾಳಕೊಪ್ಪ ಬರುವಷ್ಟರಲ್ಲಿ ಹಿಂದೆ ನಿಂತವರು ಮುಂದಿನ ಸೀಟಿನವರಿಗೆ ಹೇಳುತ್ತಿದ್ದರು, “ಡೂಪ್ಲಿಕೇಟ್ ನರ್ಸ್ ಅಂತೆ, ಗೌರ್ಮೆಂಟಿನೋರು ಹಿಡಿದು ವಾಪಸ್ ಶಾಲೆಗೆ ಹಾಕಿದಾರಂತೆ.” ಹೇಳಿದವರು ನನ್ನ ಬ್ಯಾಗಿಗೆ ಒರಗಿಕೊಂಡೇ ನಿಂತಿದ್ದರು!

ನಾನು ಡೂಪ್ಲಿಕೇಟ್ ಅಲ್ಲ ಸ್ವಾಮಿ. ಈ ಅಂಕಣವನ್ನು ಇವತ್ತೇ ಮೊದಲು ಓದುತ್ತಿರುವವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿಳಿ ಕೋಟು ಹಾಕಿ ಸೂಜಿ ಹಿಡಿದವರೆಲ್ಲ ನಮ್ಮ ಕಡೆ ನರ್ಸಮ್ಮನೇ. ಆದರೆ ಒಳಗೆ ಮೆಟ್ಟಿಲುಗಳಿವೆ. ಪಿಯುಸಿ ಮುಗಿಸಿ ನಾನು ಮಾಡಿದ್ದು ಎಎನ್‌ಎಂ, ಅಂದರೆ ಸಹಾಯಕ ನರ್ಸಿನ ಕೋರ್ಸು. ಅದು ಕೆಳಗಿನ ಮೆಟ್ಟಿಲು. ಅದರ ಮೇಲಿನದು ಜಿಎನ್‌ಎಂ. ಅದನ್ನು ಪಾಸು ಮಾಡಿದರೆ ಸ್ಟಾಫ್ ನರ್ಸ್ ಅಂತ ರಿಜಿಸ್ಟರ್ ಆಗಬಹುದು. ಕೆಳಗಿನ ಮೆಟ್ಟಿಲಿನಲ್ಲಿ ನಿಂತು, ಶಿರಾಳಕೊಪ್ಪದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ವರ್ಷಗಟ್ಟಲೆ ದುಡಿದೆ. ಆಮೇಲೆ ಒಂದು ದಿನ ಮೇಲಿನ ಮೆಟ್ಟಿಲು ಹತ್ತೋಣ ಅನಿಸಿ ಶಿಕಾರಿಪುರದಲ್ಲಿ ಜಿಎನ್‌ಎಂಗೆ ಸೇರಿದೆ. ಇದರಲ್ಲಿ ಅಡಗಿಸಿಡುವಂಥದ್ದು ಏನಿದೆ?

ಇದನ್ನೇ ನಮ್ಮೂರು ಜಡೆಯಲ್ಲಿ ಅತ್ತೆಗೆ ಹೇಳಿದಾಗ ಅವರು ರೊಟ್ಟಿ ತಟ್ಟುವುದು ನಿಲ್ಲಿಸಿ ಕೇಳಿದ್ದರು. “ಮೂರು ವರ್ಷ ಓದಿದ ಮ್ಯಾಲೆ ಏನಾಗ್ತೀಯೆ?”

“ನರ್ಸ್ ಆಗ್ತೀನಿ ಅತ್ತೆ.”

“ಈಗ ಏನಾಗಿದೀಯ?”

“ನರ್ಸೇ.”

ಅತ್ತೆ ಮತ್ತೆ ರೊಟ್ಟಿ ತಟ್ಟಲು ಶುರು ಮಾಡಿದರು. ನನ್ನ ಯಜಮಾನರಿಗೆ ಆನವಟ್ಟಿಯಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಅವರು ಮಾತ್ರ ತಕ್ಷಣ ಅರ್ಥ ಮಾಡಿಕೊಂಡರು. “ಓಡ್ತಿರೋ ಮೋಟ್ರನ್ನೇ ಬಿಚ್ಚಿ ಮತ್ತೆ ಸುತ್ತೋದು ಅಂತ ಆಯ್ತು. ಮಾಡು” ಅಂದರು. ಇದು ಹೊಗಳಿಕೆಯೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಹಾಗಾದರೆ ಓಡುತ್ತಿದ್ದ ಮೋಟಾರನ್ನು ಬಿಚ್ಚಿದ್ದು ಯಾಕೆ? ಕೆಲಸ ಬರುತ್ತಿರಲಿಲ್ಲ ಅಂತಲ್ಲ. ಸಂತೆಯ ದಿನ ನಮ್ಮ ನರ್ಸಿಂಗ್ ಹೋಮ್ ನೋಡಬೇಕಿತ್ತು ನೀವು. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈ ನಾಡಿಗೆ. ಬಂದವರಿಗೆಲ್ಲ ಬಾಟ್ಲಿ ಬೇಕು. ಬಾಟ್ಲಿ ಅಂದರೆ ಗ್ಲೂಕೋಸ್. ಅದರಲ್ಲೂ ವಿಟಮಿನ್ ಬೆರೆಸಿದ ಹಳದಿ ಬಾಟ್ಲಿಯೇ ಬೇಕು, ಬಿಳಿಯದರಲ್ಲಿ ಪವರ್ ಇಲ್ಲ! ಪಕ್ಕದ ಬೆಡ್ಡಿನವರಿಗೆ ಹಳದಿ ಹಾಕಿ ತಮಗೆ ಬಿಳಿ ಹಾಕಿದರು ಅಂತ ಜಗಳ ಆಡಿ ಡಿಸ್ಚಾರ್ಜ್ ಮಾಡಿಸಿಕೊಂಡು ಹೋದವರೂ ಇದ್ದಾರೆ.

ಇಂಥವರ ನಡುವೆ ನನಗೊಂದು ಹೆಸರಿತ್ತು. “ರೇಣುಕಾ ಸಿಸ್ಟರ್ ಚುಚ್ಚಿದ್ರೆ ಗೊತ್ತೇ ಆಗಲ್ಲ.” ಇದಕ್ಕೆ ಮಂತ್ರ ತಂತ್ರ ಏನೂ ಇರಲಿಲ್ಲ. “ಯಾವೂರಾಯ್ತು?” ಅಂತ ಕೇಳುವುದು. “ಜಡೆ” ಅನ್ನುತ್ತಾರೆ. “ಜಡೆಯಲ್ಲಿ ಯಾರ ಪೈಕಿ?” ಅನ್ನುವುದು. ನಮ್ಮ ಜನ ಸಂಬಂಧ ಬಿಡಿಸಿ ಹೇಳಲು ಶುರು ಮಾಡಿದರೆ ಭೂಮಿ ಬಾಯಿಬಿಟ್ಟರೂ ನಿಲ್ಲಿಸುವುದಿಲ್ಲ. ಅವರು ಸೋದರತ್ತೆಯ ನಾದಿನಿಯ ಮನೆ ತಲುಪುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೆ ಬಂದು, ಹತ್ತಿ ಒತ್ತಿ ಆಗಿರುತ್ತಿತ್ತು.

“ಬ್ಯಾಡ” ಅಂದವರ ಗತಿ? ಅದಕ್ಕೂ ಪದ್ಧತಿ ಇತ್ತು. ಜೊತೆಗೆ ಬಂದವರೇ ಹಿಡಿದುಕೊಳ್ಳುತ್ತಿದ್ದರು. ಒಬ್ಬರು ಭುಜ, ಒಬ್ಬರು ಮೊಣಕೈ, ಬಾಗಿಲಲ್ಲಿ ನಿಂತ ಇನ್ನೊಬ್ಬರು “ಏನಾಗಲ್ಲ ಏನಾಗಲ್ಲ”. ಆಸ್ಪತ್ರೆಯಲ್ಲಿ ‘ಬ್ಯಾಡ’ ಅನ್ನುವುದನ್ನು ಕೆಮ್ಮು ಸೀನಿನ ಹಾಗೆ ರೋಗಿಯಿಂದ ಬರುವ ಒಂದು ಸದ್ದು ಅಂತಷ್ಟೇ ಎಲ್ಲರೂ ತಿಳಿದಿದ್ದರು. ಹಾಲಮ್ಮಜ್ಜಿಯೂ ಪ್ರತಿ ಸಲ “ಬ್ಯಾಡ” ಅನ್ನುತ್ತಿದ್ದರು, ಪ್ರತಿ ಸಲ ಚುಚ್ಚಿಸಿಕೊಂಡು ಹೋಗುತ್ತಿದ್ದರು.

ಅಲ್ಲಿ ನನ್ನನ್ನು ಕಾಡುತ್ತಿದ್ದದ್ದು ಒಂದೇ. ಯಾರಾದರೂ ಒಬ್ಬರು, “ಇದು ಯಾತಕ್ಕೆ ಸಿಸ್ಟರ್?” ಅಂತ ಕೇಳುತ್ತಿದ್ದರು. ನಾನು “ಡಾಕ್ಟ್ರು ಹೇಳಿದಾರೆ” ಅನ್ನುತ್ತಿದ್ದೆ. ಅವರು ತಲೆ ಅಲ್ಲಾಡಿಸುತ್ತಿದ್ದರು. ಆ ಮಾತಿನ ಆಚೆ ಏನಿದೆ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನನಗೆ ಅದು ಸಂಕಟ ಆಗುತ್ತಿತ್ತು. ನಿಜವಾಗಿ ಆಗುತ್ತಿತ್ತು. ಆ ವಾಕ್ಯದ ಆಚೆಗಿರುವುದನ್ನು ತಿಳಿದುಕೊಳ್ಳಲು ನಾನು ಮತ್ತೆ ಕ್ಲಾಸ್‌ರೂಮಿಗೆ ಹೋದೆ.

ಹೋದರೆ ಅಲ್ಲೇನು? ಎಲ್ಲ ಹದಿನೆಂಟರ ಹುಡುಗಿಯರು. ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ ಇಡೀ ಕ್ಲಾಸು ಎದ್ದು ನಿಂತು “ಗುಡ್ ಮಾರ್ನಿಂಗ್ ಮೇಡಂ” ಅಂದಿತು. ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಅವತ್ತಿನಿಂದ ನಾನು ‘ಆಂಟಿ’.

ಪಾಠ ಕಷ್ಟ ಆಗಲಿಲ್ಲ. ಕಷ್ಟ ಆದದ್ದು ಬರುವ ಕೆಲಸವನ್ನು ಬಾರದವರ ಹಾಗೆ ಮೊದಲಿಂದ ಮಾಡುವುದು. ನನ್ನ ಕೈ ಅಭ್ಯಾಸದಿಂದ ಮುಂದೆ ಓಡುತ್ತಿತ್ತು, ನಮ್ಮ ಟ್ಯೂಟರ್ ಮೇಡಂ ಹಿಂದಿನಿಂದ ಜಗ್ಗುತ್ತಿದ್ದರು. “ರೇಣುಕಾ, ನಿಲ್ಲಿ. ಪೇಷೆಂಟಿಗೆ ಹೇಳಿದ್ರಾ? ಏನು ಕೊಡ್ತೀರಿ, ಯಾಕೆ ಕೊಡ್ತೀರಿ ಹೇಳಿ. ಒಪ್ಪಿಗೆ ಕೇಳಿ. ಆಮೇಲೆ ಸಿರಿಂಜ್ ಮುಟ್ಟಿ.”

ಪೇಷೆಂಟ್ ಅಂದರೆ ಲ್ಯಾಬಿನಲ್ಲಿ ಮಲಗಿಸಿದ್ದ ಪ್ಲಾಸ್ಟಿಕ್ ಬೊಂಬೆ. ಅದರ ಹತ್ತಿರ ಒಪ್ಪಿಗೆ ಕೇಳಬೇಕಂತೆ! ನಾನು ಗಂಟಲು ಸರಿಮಾಡಿಕೊಂಡು, ಬೊಂಬೆಯ ಮುಖ ನೋಡಿ, ಹಳೆಯ ಚಟದಲ್ಲಿ “ಯಾವೂರಾಯ್ತು?” ಅಂದುಬಿಟ್ಟೆ. ಆ ಹುಡುಗಿಯರು ನಗುವುದು ನಿಲ್ಲಿಸಲು ಊಟದ ಬೆಲ್ ಹೊಡೆಯಬೇಕಾಯಿತು.

ಊಟದ ಬೆಲ್ ಅಂದಾಗ ನೆನಪಾಯಿತು. ಈ ಹುಡುಗಿಯರು ಬಹಳ ಒಳ್ಳೆಯವರು. ಸೇರಿದ ಹೊಸದರಲ್ಲಿ ಒಬ್ಬಳು ಮನೆಯಿಂದ ಚಕ್ಕುಲಿ ತಂದಿದ್ದಳು. ಡಬ್ಬಿ ತೆರೆದು ನನ್ನ ಮುಂದೆ ಹಿಡಿದು, “ತಗೊಳ್ಳಿ ಆಂಟಿ” ಅಂದಳು.

“ಬೇಡಮ್ಮಾ” ಅಂದೆ.

“ಓಕೆ ಆಂಟಿ” ಅಂದು ಡಬ್ಬಿ ಮುಚ್ಚಿದಳು.

ನೀವೇ ಹೇಳಿ, ಇದು ನ್ಯಾಯವೇ? ನನಗೆ ಚಕ್ಕುಲಿ ಬೇಕಿತ್ತು! ನಾನು ಬೇಡ ಅಂದದ್ದು ಮರ್ಯಾದೆಗೆ. ನಮ್ಮ ಶಿಕಾರಿಪುರ ಸೊರಬದ ಕಡೆ ಹುಟ್ಟಿ ಬೆಳೆದ ಯಾರೇ ಆದರೂ ಮೊದಲ ಸಲಕ್ಕೆ ಬೇಡ ಅನ್ನಬೇಕು. ಕೊಡುವವರು “ಅಯ್ಯೋ ತಗೊಳ್ರೀ” ಅನ್ನಬೇಕು. “ಈಗ ತಾನೇ ತಿಂದು ಬಂದ್ವಿ” ಅನ್ನಬೇಕು. “ಒಂದೇ ಒಂದು ರೀ, ನನ್ನಾಣೆ” ಅನ್ನಬೇಕು. ಆಮೇಲೆ, ಅವರ ಒತ್ತಾಯಕ್ಕೆ ಅನ್ನುವ ಮುಖ ಮಾಡಿಕೊಂಡು ಕೈ ಹಾಕಬೇಕು. ಮದುವೆ ಪಂಕ್ತಿಯಲ್ಲಿ ಎಲೆಗೆ ಎರಡೂ ಕೈ ಅಡ್ಡ ಹಿಡಿದು “ಸಾಕು ಸಾಕು” ಅನ್ನುವವರ ಬೆರಳ ಸಂದಿಯಲ್ಲೇ ಹೋಳಿಗೆ ತೂರಿಸುವ ಊರು ನಮ್ಮದು. ಒಂದು ಸಲ ಬೇಡ ಅಂದ ಕೂಡಲೇ ಬಿಟ್ಟು ಹೋದರೆ “ಬಾಯಿ ಉಪಚಾರಕ್ಕೂ ಗತಿಯಿಲ್ಲದ ಮನೆ” ಅಂತ ಆಡಿಕೊಳ್ಳುತ್ತೇವೆ. ಈ ಹೊಸ ಹುಡುಗಿಯರಿಗೆ ಅದೆಲ್ಲ ಗೊತ್ತಿಲ್ಲ. ಅವರಿಗೆ ಬೇಡ ಅಂದರೆ ಬೇಡ. ಅವತ್ತು ನಾನು ನನ್ನ ಅವಲಕ್ಕಿ ತಿನ್ನುತ್ತಾ, ಅವರು ಚಕ್ಕುಲಿ ಮುರಿಯುವ ಸದ್ದು ಕೇಳುತ್ತಾ ಕೂತಿದ್ದೆ.

ಈಗ ಪರೀಕ್ಷೆಗೆ ಬರೋಣ.

ಮೊದಲ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ನಡೆದದ್ದು ಆಸ್ಪತ್ರೆಯ ವಾರ್ಡಿನಲ್ಲಿ. ನಿಜವಾದ ಬೆಡ್ಡು, ನಿಜವಾದ ರೋಗಿ. ಪರೀಕ್ಷಕರು ಹೊರಗಿನವರು, ದಕ್ಷಿಣ ಕನ್ನಡದ ಕಡೆಯ ಒಬ್ಬ ಮೇಡಂ. ಕನ್ನಡಕದ ಮೇಲಿನಿಂದ ನೋಡುವವರು. ಈ ಬಸ್ಸಿನ ಸುದ್ದಿ ಅಷ್ಟರಲ್ಲಿ ಜಡೆಗೂ ತಲುಪಿತ್ತು. ನೀರಿನ ಟ್ಯಾಂಕಿನ ಹತ್ತಿರ ಯಾರೋ ನಮ್ಮ ಅತ್ತೆಯನ್ನು, “ನಿಮ್ಮ ಸೊಸೆ ಮೊದ್ಲು ಹಂಗೇ ಮಾಡ್ತಿದ್ಲಂತಲ್ಲ, ಕಲೀದೇನೇ” ಅಂತ ಕೇಳಿದ್ದರು. ಅತ್ತೆ ಮನೆಗೆ ಬಂದು ಅದನ್ನು ಹೇಳಲಿಲ್ಲ, ಬರಿ ಕೊಡ ಜೋರಾಗಿ ಇಟ್ಟರು. ನಾನು ಪಾಸಾದರೆ ಆ ಮಾತು ತಾನಾಗಿ ಸಾಯುತ್ತದೆ. ಫೇಲಾದರೆ? ಆ ಮಾತಿಗೆ ನಾನೇ ಸೀಲು ಒತ್ತಿಕೊಟ್ಟ ಹಾಗೆ. ಮತ್ತೆ ಈ ತಾಲೂಕಿನಲ್ಲಿ ಯಾರ ತೋಳೂ ನನ್ನ ಮುಂದೆ ಬರುವುದಿಲ್ಲ. ಆ ಹದಿನೆಂಟರ ಹುಡುಗಿಯರಿಗೆ ಈ ಚಿಂತೆ ಇರಲಿಲ್ಲ ಬಿಡಿ.

ಮೇಡಂ ನನ್ನನ್ನು ಕಿಟಕಿ ಪಕ್ಕದ ಬೆಡ್ಡಿಗೆ ಕರೆದುಕೊಂಡು ಹೋದರು. “ಇವರಿಗೆ ಬಿ ಟ್ವೆಲ್ವ್ ಇಂಜೆಕ್ಷನ್ ಉಂಟು. ತೋಳಿಗೆ. ನೀವು ಕೊಡಿ, ನಾನು ನೋಡ್ತೇನೆ.”

ಬೆಡ್ಡಿನ ಮೇಲೆ ಕಾಲು ಚಾಚಿ ಕೂತಿದ್ದವರು ಯಾರು?

ಇಡೀ ಶಿಕಾರಿಪುರದಲ್ಲಿ ಬೇರೆ ರೋಗಿ ಇರಲಿಲ್ಲವಾ ನನಗೆ!

“ಓ, ಇವ್ಳು!” ಅಂದರು ಹಾಲಮ್ಮಜ್ಜಿ. ಅದೇ ಗಂಟಲು. “ಶಶೀ, ನೋಡಿಲ್ಲಿ, ಕಲಿಯಾಕೆ ಹೋಗೋಳು ಬಂದ್ಲು.”

ವಾರ್ಡಿನ ಅಷ್ಟೂ ಬೆಡ್ಡು ನನ್ನ ಕಡೆ ತಿರುಗಿತು. ಆಕ್ಸಿಜನ್ ಹಾಕಿಕೊಂಡಿದ್ದ ಒಬ್ಬರು ಮಾಸ್ಕ್ ಸರಿಸಿ ನೋಡಿದರು. (ಅವರಿಗೆ ಅದನ್ನು ವಾಪಸ್ ಹಾಕಿಸಿ ಬಂದೆ. ಅದಕ್ಕೂ ಮಾರ್ಕ್ಸ್ ಇದ್ದಿದ್ದರೆ!)

ನಾನು ಕೈ ತೊಳೆದೆ. ಟ್ರೇ ಇಟ್ಟೆ. ಹೆಸರು ಹೇಳಿಸಿಕೊಂಡೆ, ಕೇಸ್ ಶೀಟ್ ಜೊತೆ ತಾಳೆ ನೋಡಿದೆ. ಆಮೇಲೆ ಮೇಡಂಗೆ ಕೇಳಿಸುವ ಹಾಗೆ, ಪುಸ್ತಕದಲ್ಲಿದ್ದ ಹಾಗೆ ಶುರು ಮಾಡಿದೆ. “ಅಜ್ಜಿ, ನಾನು ರೇಣುಕಾ, ನರ್ಸಿಂಗ್ ವಿದ್ಯಾರ್ಥಿನಿ. ಡಾಕ್ಟರ್ ಬರೆದಿರೋ ಒಂದು ಇಂಜೆಕ್ಷನ್ ಇದೆ. ನಿಮ್ಮ ತೋಳಿಗೆ ಕೊಡಬೇಕು. ನಿಮ್ಮ ಒಪ್ಪಿಗೆ ಇದೆಯಾ?”

ಅಜ್ಜಿ ನನ್ನ ಬಾಯಿಯನ್ನೇ ನೋಡಿದರು. ಇಷ್ಟು ವರ್ಷ “ಯಾವೂರಾಯ್ತು” ಅನ್ನುತ್ತಿದ್ದ ಬಾಯಿ ಇದೇನು ಹೇಳುತ್ತಿದೆ?

“ಬ್ಯಾಡ” ಅಂದರು.

ಶಶಿಕಲಾಗೆ ಇದೆಲ್ಲ ರೂಢಿ ಅಲ್ಲವೇ? ಅವಳು ಆಗಲೇ ಎದ್ದು ಅತ್ತೆಯ ಭುಜ ಹಿಡಿದಾಗಿತ್ತು. “ಚುಚ್ರೀ ಸಿಸ್ಟರ್, ನಾ ಹಿಡ್ಕೊಂಡೀನಿ.” ಪಕ್ಕದ ಬೆಡ್ಡಿನವರ ಕಡೆಯ ಹೆಂಗಸು, ಯಾರು ಏನು ಅಂತ ಗೊತ್ತಿಲ್ಲದಿದ್ದರೂ, ಸಹಾಯಕ್ಕೆ ಬಂದು ಮೊಣಕೈ ಹಿಡಿದಳು. ಬಾಗಿಲ ಹತ್ತಿರದಿಂದ “ಏನಾಗಲ್ಲ, ಏನಾಗಲ್ಲ” ಅನ್ನುವುದೂ ಶುರುವಾಯಿತು.

ನನ್ನ ಕೈ ಸಿರಿಂಜಿನ ಕಡೆ ಹೋಯಿತು. ಹೋಗದೆ ಏನು, ಅದಕ್ಕೆ ಅಷ್ಟು ವರ್ಷದ ಅಭ್ಯಾಸ. ಒಂದು ಕ್ಷಣದ ಕೆಲಸ.

ಮೇಡಂ ಕನ್ನಡಕದ ಮೇಲಿನಿಂದ ಕೇಳಿದರು. “ಪೇಷೆಂಟ್ ಬೇಡ ಹೇಳಿದ್ರಲ್ಲ? ಈಗ ಎಂತ ಮಾಡ್ತೀರಿ?”

ಎಂತ ಮಾಡುವುದು! ಪುಸ್ತಕದ ಉತ್ತರ ನನಗೆ ಬಾಯಿಪಾಠ ಇತ್ತು. ಬೇಡ ಅನ್ನುವುದು ರೋಗಿಯ ಹಕ್ಕು, ಕಾರಣ ಕೇಳು, ಇನ್‌ಚಾರ್ಜಿಗೆ ತಿಳಿಸು. ಹಾಗೆ ಮಾಡಿದರೆ ಇಂಜೆಕ್ಷನ್ ಕೊಡದೆ ಇಂಜೆಕ್ಷನ್ ಪರೀಕ್ಷೆ ಮುಗಿಸಿ ಬಂದ ಹಾಗಾಗುತ್ತದೆ. ಹಾಗೆ ಬಂದವಳನ್ನು ಪಾಸು ಮಾಡುತ್ತಾರಾ? ನಮ್ಮ ಟ್ಯೂಟರ್ ಮೇಡಂ ಬಾಗಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದರು. ಅವರಿಂದಲೂ ಏನೂ ತಿಳಿಯಲಿಲ್ಲ.

ಇದು ತಪ್ಪಿದರೆ ಜೀವ ಹೋಗುವಂಥ ಇಂಜೆಕ್ಷನ್ ಅಲ್ಲ. ನಾನು ಶಶಿಕಲಾ ಕಡೆ ತಿರುಗಿದೆ. “ಕೈ ಬಿಡಿ ಶಶಿಕಲಾ.”

“ಬಿಟ್ರೆ ಎದ್ದು ಹೋಗ್ತಾರೆ ರೀ.”

“ಹೋಗ್ಲಿ. ಬಿಡಿ. ಬೇಡ ಅನ್ನೋದು ಅವರ ಹಕ್ಕು.”

ಬಿಟ್ಟಳು. ಮೊಣಕೈ ಹಿಡಿದಿದ್ದ ಹೆಂಗಸೂ ಬೇಸರದಿಂದ ಬಿಟ್ಟಳು. ಅಜ್ಜಿ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು.

“ಯಾಕೆ ಬೇಡ ಅಂತ ಹೇಳ್ತೀರಾ ಅಜ್ಜಿ?”

“ನೀ ಇನ್ನೂ ಕಲೀತಿದೀ. ಕಲ್ತೋರ್ನ ಕಳ್ಸು.”

“ಆಯ್ತು ಅಜ್ಜಿ. ವಾರ್ಡ್ ಸಿಸ್ಟರಿಗೆ ಹೇಳ್ತೀನಿ.”

ಟ್ರೇ ಮುಚ್ಚಿದೆ. ಎತ್ತಿಕೊಂಡು ಹೊರಟೆ. ಸಿಸ್ಟರ್ ಟೇಬಲ್ ಹತ್ತಿರ ಇತ್ತು, ಆದರೆ ಅಲ್ಲಿಗೆ ನಡೆದು ಮುಟ್ಟುವಷ್ಟರಲ್ಲಿ ನಾನು ಸಪ್ಲಿಮೆಂಟರಿ ಪರೀಕ್ಷೆ ಕಟ್ಟಿ, ಅದರಲ್ಲೂ ಫೇಲಾಗಿ, ಶಿರಾಳಕೊಪ್ಪಕ್ಕೆ ವಾಪಸ್ ಹೋಗಿ ಹಳದಿ ಬಾಟ್ಲಿ ತೂಗುಹಾಕುತ್ತಾ ನಿಂತಿದ್ದೆ. ಕಣ್ಣು ತುಂಬಿತ್ತು, ಸುಳ್ಳು ಯಾಕೆ ಹೇಳಲಿ?

ಹಿಂದಿನಿಂದ ಅಜ್ಜಿಯ ಗಂಟಲು ಕೇಳಿಸಿತು. ಅವರು ಪಿಸುಗುಟ್ಟುತ್ತಿದ್ದೇನೆ ಅಂದುಕೊಂಡಿದ್ದರು ಅಂತ ಕಾಣುತ್ತದೆ.

“ಹೋದ್ಲಾ?”

“ಹೂಂ, ಹೋದ್ರು” ಅಂದಳು ಶಶಿಕಲಾ.

“ಹೋಗೇಬಿಟ್ಲಾ?”

“ನೀವೇ ಬ್ಯಾಡ ಅಂದ್ರಲ್ಲ ಅತ್ತೆ.”

“ಅಂದೆ. ಅಂದ್ರೇನಾತು? ಇನ್ನೊಂದು ಮಾತು ಕೇಳಬಾರ್ದನು? ಊಟಕ್ಕೆ ಕೂತೋರು ಬ್ಯಾಡ ಅಂದ್ರೆ ಎಲೆ ಎತ್ಕೊಂಡು ಹೋಗ್ತಾರನು ಯಾರಾದ್ರೂ?”

ನಾನು ಟೇಬಲ್ ಹತ್ತಿರ ನಿಂತೇ ಇದ್ದೆ. ಚಕ್ಕುಲಿಯ ಡಬ್ಬಿ ಮುಚ್ಚಿದ ಸದ್ದು ನನ್ನ ಕಿವಿಯಲ್ಲಿ ಕೇಳಿಸಿತು. ಅಜ್ಜಿಗೆ ಸೂಜಿ ಬೇಕಿತ್ತು. ಬಸ್ಸಿನ ಸಿಟ್ಟನ್ನು ಸ್ವಲ್ಪ ತೋರಿಸಿ, ನನ್ನಿಂದ ಎರಡು ಸಲ “ಅಯ್ಯೋ ಅಜ್ಜಿ, ನನ್ನಾಣೆ” ಅನ್ನಿಸಿಕೊಂಡು, ಆಮೇಲೆ ತೋಳು ಕೊಡಬೇಕು ಅಂತಿದ್ದರು. ನಾನು ಹೊಸ ಹುಡುಗಿಯರ ಹಾಗೆ “ಓಕೆ ಅಜ್ಜಿ” ಅಂದು ಬಂದುಬಿಟ್ಟಿದ್ದೆ.

ವಾಪಸ್ ಹೋಗಿ ಒತ್ತಾಯ ಮಾಡಲಾ? ಮಾಡಿದರೆ ಅಜ್ಜಿ ಒಪ್ಪುತ್ತಾರೆ, ಆದರೆ ಮೇಡಂ? ಅವರ ಲೆಕ್ಕದಲ್ಲಿ ಬೇಡ ಅಂದವರನ್ನು ಬಲವಂತ ಮಾಡಿದ ಹಾಗೆ. ನಾನು ಕಾಲು ಕೀಳಲಿಲ್ಲ.

ಅಷ್ಟರಲ್ಲಿ ಆ ಕಡೆ ಮಾತು ನಿಂತಿತು. ತಿರುಗಿ ನೋಡಿದೆ. ಅಜ್ಜಿ ಬಲತೋಳು ಸವರಿಕೊಳ್ಳುತ್ತಾ ಕೂತಿದ್ದರು. ಏನೋ ನೆನಪು ಮಾಡಿಕೊಳ್ಳುವವರ ಹಾಗೆ ಕಾಣುತ್ತಿದ್ದರು. ಆಮೇಲೆ, ಮೊದಲ ಸಲಕ್ಕೆ ನಿಜವಾಗಿಯೂ ಮೆಲ್ಲಗೆ, ಯಾರಿಗೂ ಅಲ್ಲದ ಹಾಗೆ ಅಂದರು.

“ನಾ ಬ್ಯಾಡ ಅಂದಿದ್ದಕ್ಕೆ ಬಿಟ್ಟು ಹೋದೋರು ಇವ್ಳೊಬ್ಳೇ ನೋಡು.”

ಶಶಿಕಲಾ ಬೆಡ್ಡಿನ ಹೊದಿಕೆ ಸರಿಮಾಡಿದಳು.

“ಏ ರೇಣವ್ವಾ!” ಗಂಟಲು ವಾಪಸ್ ಬಂದಿತ್ತು. “ಬಾರೆ ಇಲ್ಲಿ. ಆ ಸೂಜಿ ಯಾತುಕ್ಕೆ? ಅದನ್ನಾರ ಹೇಳು.”

ನಾನು ಹೋದೆ. ‘ಡಾಕ್ಟ್ರು ಹೇಳಿದಾರೆ’ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ.

“ಅಜ್ಜಿ, ನಿಮಗೆ ಪಾದ ಜುಮ್ ಅಂತದಾ? ಇರುವೆ ಹರಿದ ಹಾಗೆ?”

“ಹೌದು ನೋಡು! ನಿಂಗೆ ಯಾರು ಹೇಳಿದ್ರು?”

“ರಕ್ತದಲ್ಲಿ ಒಂದು ವಿಟಮಿನ್ ಕಮ್ಮಿ ಆದ್ರೆ ನರ ಸೊರಗ್ತವೆ. ಅದಕ್ಕೇ ಹಂಗೆ ಆಗೋದು. ನೀವು ಹಾಲು ಮೊಸರು ಬಿಟ್ಟಿದೀರಿ ಅಂತ ಕೇಸ್ ಶೀಟಿನಲ್ಲಿದೆ, ಸುಸ್ತು ಬೇರೆ. ಮಾತ್ರೆಯಲ್ಲಿ ಸರಿಯಾಗಿ ಹತ್ತಲ್ಲ ಅಂತ ಸೂಜಿಯಲ್ಲಿ ಕೊಡೋದು. ಸ್ವಲ್ಪ ಉರಿತದೆ. ಒಂದೇ ಸಲಕ್ಕೆ ಗುಣ ಕಾಣಲ್ಲ.”

ಅಜ್ಜಿ ಕೇಳಿಸಿಕೊಂಡರು. ಮೊಣಕೈ ಹಿಡಿದಿದ್ದ ಹೆಂಗಸೂ ಕೇಳಿಸಿಕೊಂಡು ತನ್ನ ಪಾದ ಮುಟ್ಟಿ ನೋಡಿಕೊಂಡಳು.

“ಶಿರಾಳಕೊಪ್ಪದಾಗೂ ಇದನ್ನೇ ಚುಚ್ತಿದ್ಯಾ?”

“ಇದನ್ನೂ ಚುಚ್ಚಿದೀನಿ ಅಜ್ಜಿ.”

“ಮತ್ತೆ ಆವಾಗ ಇದನ್ನೆಲ್ಲ ಯಾಕೆ ಹೇಳಿಲ್ಲ?”

ಮೇಡಂ ಪೆನ್ನು ಎತ್ತಿಕೊಂಡಿದ್ದರು. ಬಸ್ಸಿನಲ್ಲಿ ಉತ್ತರಿಸದೆ ಬಿಟ್ಟದ್ದೇ ಮತ್ತೆ ಎದುರಿಗೆ ಬಂದು ಕೂತಿತ್ತು.

“ಆವಾಗ ನಂಗೂ ಗೊತ್ತಿರ್ಲಿಲ್ಲ ಅಜ್ಜಿ. ಚುಚ್ಚೋದು ಸರಿಯಾಗೇ ಗೊತ್ತಿತ್ತು, ಔಷಧನೂ ಸರಿಯಾದದ್ದೇ. ಯಾಕೆ ಅನ್ನೋದು ಮಾತ್ರ ಗೊತ್ತಿರ್ಲಿಲ್ಲ. ಅದನ್ನ ಕಲಿಯೋಕೇ ಕಾಲೇಜಿಗೆ ಹೋಗ್ತಿರೋದು.”

ಅಜ್ಜಿ ಯೋಚನೆ ಮಾಡಿದರು. “ಅಷ್ಟೇನಾ! ಅದನ್ನ ಆವತ್ತೇ ಬಸ್ಸಿನಾಗೆ ಹೇಳಿದ್ರೆ ಆಗ್ತಿರ್ಲಿಲ್ವೇನೆ?” ಅಂದು ಸೀರೆಯ ಸೆರಗು ಸರಿಸಿ ತೋಳು ಮುಂದೆ ಮಾಡಿದರು. ಶಶಿಕಲಾ ಅಭ್ಯಾಸಬಲದಿಂದ ಹಿಡಿಯಲು ಬಂದಳು. “ನೀ ಬ್ಯಾಡ, ದೂರ ಕೂರು” ಅಂದರು ಅಜ್ಜಿ. ಶಶಿಕಲಾ ಹೋಗಿ ದೂರ ಕೂತಳು.

ಮತ್ತೆ ಕೈ ತೊಳೆದು ಇಂಜೆಕ್ಷನ್ ಕೊಟ್ಟೆ. ಪುಸ್ತಕದಲ್ಲಿದ್ದ ಹಾಗೆ, ಮೆಟ್ಟಿಲು ಮೆಟ್ಟಿಲಾಗಿ, ಒಂದನ್ನೂ ಬಿಡದೆ.

“ಆತಾ?” ಅಂದರು ಅಜ್ಜಿ.

“ಆಯ್ತು.”

“ಕಲಿಯಾಕೆ ಹೋಗೋ ಮುಂಚೆ ಇನ್ನೂ ಚೆನ್ನಾಗಿ ಚುಚ್ತಿದ್ದೆ. ಗೊತ್ತೇ ಆಗ್ತಿರ್ಲಿಲ್ಲ.”

ಪರೀಕ್ಷಕರ ಎದುರಿಗೇ! ಇದಕ್ಕೆ ಯಾವ ಪುಸ್ತಕದಲ್ಲಿ ಉತ್ತರ ಇದೆ ಹೇಳಿ.

ಹೊರಗೆ ವರಾಂಡದಲ್ಲಿ ಮೇಡಂ ಮಾರ್ಕ್ಸ್ ಶೀಟ್ ತೆರೆದು ನನ್ನ ಕಡೆ ತಿರುಗಿದರು. “ಅಲ್ಲ ಮಾರಾಯ್ರೆ, ನಾನು ಮಾರ್ಕ್ಸ್ ಎಂತಕ್ಕೆ ಕೊಡುವುದು? ಇಂಜೆಕ್ಷನ್ ಕೊಟ್ಟದ್ದಕ್ಕಾ, ಕೊಡದೆ ಹೋದದ್ದಕ್ಕಾ?” ಅಂದರು. ನಾನು ಕೈಕಟ್ಟಿ ನಿಂತಿದ್ದೆ. ಅವರಿಗೆ ನಗು ಬಂತು. ಟ್ಯೂಟರ್ ಮೇಡಂ ಬಂದು ಪರೀಕ್ಷಕರ ಮುಂದೆ ಕಾಫಿ ಇಟ್ಟರು. “ಬೇಡ” ಅಂದರು ಅವರು. ಟ್ಯೂಟರ್ ಮೇಡಂ ನಮ್ಮ ಕಡೆಯವರಲ್ಲವೇ, “ಅಯ್ಯೋ ತಗೊಳ್ರೀ ಮೇಡಂ” ಅಂದರು. “ಬೇಡ ಅಂದ್ನಲ್ಲ, ಗ್ಯಾಸ್ಟ್ರಿಕ್ ಆಗ್ತದೆ” ಅಂದರು. “ಅರ್ಧ ಗ್ಲಾಸ್ ರೀ ಮೇಡಂ.” ಕೊನೆಗೂ ಕುಡಿಸಿಯೇ ಕಳಿಸಿದರು. ರೋಗಿಯ ಹಕ್ಕಿನ ಬಗ್ಗೆ ನಮಗೆ ಪಾಠ ಮಾಡುವುದು ಇವರೇ.

ಪಾಸಾದೆ. ಹೋದ ವಾರ ಬೋರ್ಡಿನಲ್ಲಿ ಹಾಕಿದರು. ಅತ್ತೆ ಅವತ್ತು ನೀರಿನ ಟ್ಯಾಂಕಿಗೆ ಎರಡು ಕೊಡ ಹೆಚ್ಚಿಗೆ ತರಲು ಹೋಗಿದ್ದರು. ಮನೆಯ ನಲ್ಲಿಯಲ್ಲೇ ನೀರು ಬರುತ್ತಿತ್ತು.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಈ ಸೋಮವಾರ ಅದೇ ಬಸ್ಸಿನಲ್ಲಿ ಶಶಿಕಲಾ ಸಿಕ್ಕಳು. ಒಬ್ಬಳೇ ಇದ್ದಳು. ನನ್ನನ್ನು ನೋಡಿದವಳೇ ಜಗಳದ ಮುಖ ಮಾಡಿದಳು.

“ಏನ್ ಕಲಿಸಿ ಕಳ್ಸಿದ್ರಿ ಸಿಸ್ಟರ್ ನಮ್ಮತ್ತೆಗೆ?”

“ಯಾಕೆ, ಪಾದ ಜುಮ್ ಅನ್ನೋದು ಕಮ್ಮಿ ಆಗಿಲ್ವಾ?”

“ಅದು ಆಗೇತಿ. ಈಗ ಎಲ್ಲಾದಕ್ಕೂ ಬ್ಯಾಡ ಅಂತಾರೆ. ಅಂದು ಸುಮ್ನಾಗಲ್ಲ. ‘ನಾ ಬ್ಯಾಡ ಅಂದೆ, ರೇಣವ್ವ ಟ್ರೇ ಎತ್ಕೊಂಡು ಹೋದ್ಲು, ಪರೀಕ್ಷೆನಾಗೆ ಪಾಸಾದ್ಲು. ನೀವೂ ಹೋಗ್ರಿ’ ಅಂತಾರೆ. ರಾಗಿ ಗಂಜಿ ಬ್ಯಾಡ. ಅವರ ತಮ್ಮನ ಮನೆಗೆ ಹೋಗೋದು ಬ್ಯಾಡ. ಸ್ವೆಟರ್ ಬ್ಯಾಡ. ಇನ್ನೊಂದ್ಸಲ ಒತ್ತಾಯ ಮಾಡೋಣ ಅಂದ್ರೆ, ‘ನನ್ ಹಕ್ಕು’ ಅಂತಾರೆ ರೀ!”

ನನಗೆ ನಗು ತಡೆಯಲಾಗಲಿಲ್ಲ. ಎದುರು ಸೀಟಿನವರೂ ನಕ್ಕರು. ಹೋದ ಸಲ ನನ್ನನ್ನು ಡೂಪ್ಲಿಕೇಟ್ ಮಾಡಿದ್ದ ಬಸ್ಸು ಇದೇನಾ ಅಂತ ಅನುಮಾನ ಬಂತು. ಕಂಡಕ್ಟರ್ ಅಂತೂ ತನ್ನ ಪಾದದ ಜುಮುಜುಮು ಬಗ್ಗೆ ಕೇಳಲು ಟಿಕೆಟ್ ಕೊಡುವುದನ್ನೇ ನಿಲ್ಲಿಸಿದ. ಡಾಕ್ಟರಿಗೆ ತೋರಿಸಿ ಅಂದೆ.

“ಮುಖ್ಯವಾದ್ದು ಕೇಳ್ರಿ” ಅಂದಳು ಶಶಿಕಲಾ. ಈಗ ಅವಳ ಧ್ವನಿ ಇಳಿದಿತ್ತು. “ಸೋಫಾ ತಂದ್ವಿ. ಮಂಚ ಹಿಂದಿನ ರೂಮಿಗೆ ಹಾಕಾಕೆ ನಮ್ಮೆಜಮಾನ್ರು ಒಂದು ಕಡೆ ಹಿಡಿದ್ರು. ಅತ್ತೆ ಮಂಚದ ಮ್ಯಾಲೆ ಕೂತ್ಕೊಂಡು ಬ್ಯಾಡ ಅಂದ್ರು. ಕಿಟಕಿ ಬೇಕು, ರಸ್ತೆ ಕಾಣ್ಬೇಕು, ಹೋಗೋರು ಬರೋರ್ನ ಮಾತಾಡಿಸ್ಬೇಕು ಅಂದ್ರು. ಇವರು ಏನ್ ಮಾಡಿದ್ರು ಗೊತ್ತಾ? ಬಿಟ್ಬಿಟ್ರು! ಮಂಚ ಅಲ್ಲೇ ಐತಿ. ಸೋಫಾ ಜಗಲಿ ಮ್ಯಾಲೆ ಪ್ಲಾಸ್ಟಿಕ್ ಹೊದ್ಕೊಂಡು ಕೂತೈತಿ. ಬಂದೋರೆಲ್ಲ ಕೇಳ್ತಾರೆ. ನಾ ಈಗ ಏನ್ ಮಾಡ್ಲಿ ಸಿಸ್ಟರ್?”

ಪಾಪ ಅನಿಸಿತು. ಶಶಿಕಲಾ ಕೆಟ್ಟವಳಲ್ಲ. ಅತ್ತೆಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಕೈ ಹಿಡಿದು ಕರೆದುಕೊಂಡು ಹೋದವಳು ಅವಳೇ. ಆ ಮರೂನ್ ಸೋಫಾ ಅವಳ ಬಹಳ ದಿನದ ಆಸೆ ಅನ್ನುವುದೂ ನನಗೆ ಗೊತ್ತು. ಕಾಲೇಜಿನಲ್ಲಿ ಇದಕ್ಕೆ ಪಾಠ ಇಲ್ಲ. ಶಿರಾಳಕೊಪ್ಪ ಬಂತು, ಅರ್ಧ ಬಸ್ಸು ಇಳಿಯಿತು. ನನಗೆ ಅವಳ ಪಕ್ಕದಲ್ಲಿ ಸೀಟು ಸಿಕ್ಕಿತು. ಟ್ಯೂಟರ್ ಮೇಡಂ ಬೊಂಬೆಯ ಮುಂದೆ ನಿಲ್ಲಿಸಿ ನನ್ನನ್ನು ದಿನಾ ಕೇಳುತ್ತಿದ್ದದ್ದನ್ನೇ ನಾನೂ ಕೇಳಿದೆ.

“ಅಲ್ಲ ಶಶಿಕಲಾ, ತರೋಕೆ ಮುಂಚೆ ಅವರನ್ನ ಒಂದು ಮಾತು ಕೇಳಿದ್ರಾ?”